ಉಪ್ಪು ಎಷ್ಟು ಅನ್ನುವ ಮೊದಲು ಉಪ್ಪು ಯಾಕೆ

ನಾನು ಮೊದಲ ಸಲ ಉಪ್ಪಿನಲ್ಲಿ ಹಾಕಿಟ್ಟ ನಿಂಬೆಹಣ್ಣು ಹದಿನೆಂಟನೇ ದಿನ ಕಸದ ಬುಟ್ಟಿ ಸೇರಿತು. ಮುಚ್ಚಳ ತೆಗೆದರೆ ಮೇಲೆ ತೇಲುತ್ತಿದ್ದ ಹೋಳುಗಳಿಗೆಲ್ಲ ಹಸಿರು ಮಖಮಲ್ಲು ಹೊದಿಸಿದ ಹಾಗೆ ಬೂಷ್ಟು. ಬಾಟಲಿ ತೊಳೆದು ಬಿಸಿಲಿಗೆ ಇಟ್ಟು ಒಣಗಿಸಿದ್ದೆ. ಒದ್ದೆ ಚಮಚ ತಾಗಿಸಿರಲಿಲ್ಲ. ಕೈ ತೊಳೆದೇ ಮುಟ್ಟಿದ್ದೆ. ಹಾಗಾದರೆ ತಪ್ಪಿದ್ದೆಲ್ಲಿ?

ತಪ್ಪಿದ್ದು ಉಪ್ಪಿನಲ್ಲಿ. ಒಂದು ಕಿಲೋ ಹಣ್ಣಿಗೆ 200 ಗ್ರಾಂ ಅಂತ ಬರೆದಿತ್ತು. ನಾನು ಹಾಕಿದ್ದು 60. ಉಪ್ಪು ಜಾಸ್ತಿ ತಿನ್ನಬಾರದು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅಡುಗೆಯಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಅಂತ ಓದಿ ಓದಿ ಅಭ್ಯಾಸವಾದ ಕಣ್ಣಿಗೆ ಆ 200 ಕೂಡ ರುಚಿಯ ಲೆಕ್ಕದಂತೆ ಕಂಡಿತ್ತು. ಅದು ರುಚಿಯ ಲೆಕ್ಕ ಆಗಿರಲೇ ಇಲ್ಲ.

ಮನೆಯಲ್ಲೇ ಆಹಾರ ಕಾಪಿಡೋದು, ಸಾಬೂನು ಮಾಡೋದು, ಹರಿದದ್ದನ್ನು ಹೊಲಿದುಕೊಳ್ಳೋದು, ಹೀಗೆ ಹಳೆಯ ಕೆಲಸಗಳನ್ನು ಕಲಿಯಲು ಹೊರಟವರು ಮೊದಲು ಹುಡುಕುವುದು ‘ಮಾಡುವ ವಿಧಾನ’ವನ್ನು. ವಿಧಾನ ಎಲ್ಲೆಲ್ಲೂ ಸಿಗುತ್ತದೆ. ಅದರಲ್ಲಿ ಯಾವ ಸಾಲನ್ನು ನಮಗೆ ಬೇಕಾದ ಹಾಗೆ ಬದಲಿಸಬಹುದು, ಯಾವುದನ್ನು ಮುಟ್ಟಲೇಬಾರದು ಅನ್ನೋದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಹಿಂದಿನವರಿಗೆ ಅದು ಕಣ್ಣಳತೆಯಲ್ಲೇ ಗೊತ್ತಿತ್ತು. ನಲವತ್ತು ವರ್ಷ ಅದೇ ಭರಣಿ, ಅದೇ ಉಪ್ಪು, ಅದೇ ಕೈ. ಅವರ ಒಂದು ಹಿಡಿ ಅಂದರೆ ತೂಕ ಹಾಕಿದಷ್ಟೇ ಕರಾರುವಾಕ್ಕು. ನಾವು ಆ ಹಿಡಿಯನ್ನು ಎರವಲು ತರಲಾರೆವು. ಕಾರಣ ತಿಳಿದುಕೊಂಡರೆ ಮಾತ್ರ ನಮ್ಮದೇ ಹಿಡಿ ಹುಟ್ಟುತ್ತದೆ.

ಕೆಡಿಸುವವರು ಯಾರು

ಕಿತ್ತ ತರಕಾರಿ ಕೂಡಲೇ ಸಾಯುವುದಿಲ್ಲ. ಬುಟ್ಟಿಯಲ್ಲಿ ಕೂತೂ ಉಸಿರಾಡುತ್ತಲೇ ಇರುತ್ತದೆ. ಅದರೊಳಗಿನ ಎಂಜೈಮುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಹಣ್ಣು ಮೆತ್ತಗಾಗೋದು, ಕೊಯ್ದ ಸೇಬು ಕಂದಾಗೋದು ಇವುಗಳಿಂದಲೇ. ಎಣ್ಣೆ, ಕಾಳು, ಬೀಜಗಳಿಗೆ ಕಮಟು ವಾಸನೆ ಬರೋದು ಗಾಳಿಯ ಆಮ್ಲಜನಕದಿಂದ. ಇವೆರಡೂ ರುಚಿ ಕೆಡಿಸುತ್ತವೆ, ಆದರೆ ಆಸ್ಪತ್ರೆಗೆ ಕಳಿಸುವುದು ಅಪರೂಪ.

ಅಸಲಿ ಪೈಪೋಟಿ ಇರುವುದು ಸೂಕ್ಷ್ಮಜೀವಿಗಳ ಜೊತೆ. ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು. ನಮ್ಮ ಊಟದ ಮೇಲೆ ಅವಕ್ಕೂ ಕಣ್ಣಿರುತ್ತದೆ. ಅವು ಬೆಳೆಯಲು ನೀರು ಬೇಕು, ಹದವಾದ ಬಿಸಿ ಬೇಕು, ಹುಳಿ ತೀರಾ ಇರಬಾರದು. ಬೂಷ್ಟಿಗೆ ಗಾಳಿ ಬೇಕೇ ಬೇಕು. ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಗಾಳಿ ಅಂದರೆ ಆಗದು. ಜಗತ್ತಿನ ಯಾವ ಮೂಲೆಯ ವಿಧಾನ ತೆಗೆದುಕೊಂಡರೂ ಅದು ಇವುಗಳಲ್ಲಿ ಒಂದನ್ನೋ ಎರಡನ್ನೋ ಕಿತ್ತುಕೊಳ್ಳುತ್ತದೆ, ಅಷ್ಟೇ. ಲೋಥರ್ ಲೈಸ್ಟ್ನರ್ ಎಂಬ ಜರ್ಮನಿಯ ಆಹಾರ ವಿಜ್ಞಾನಿ ಇದನ್ನು ಓಟದ ದಾರಿಯಲ್ಲಿ ಸಾಲಾಗಿ ಇಟ್ಟ ತಡೆಗಳಿಗೆ ಹೋಲಿಸಿದರು. ನಾನು ಬೇಲಿ ಅಂದುಕೊಳ್ಳುತ್ತೇನೆ. ಒಂದೇ ಬೇಲಿ ಇದ್ದರೆ ಅದು ತುಂಬಾ ಎತ್ತರ ಇರಬೇಕು. ಮೂರು ಬೇಲಿ ಇದ್ದರೆ ಒಂದೊಂದೂ ಗಿಡ್ಡವಾಗಿದ್ದರೂ ನಡೆಯುತ್ತದೆ.

ನನ್ನ ನಿಂಬೆಗೆ ಹುಳಿಯ ಬೇಲಿ ಸಹಜವಾಗಿಯೇ ಇತ್ತು. ಹಾಗಾಗಿ ರೋಗ ತರುವ ಬ್ಯಾಕ್ಟೀರಿಯಾಗಳು ಹತ್ತಿರ ಸುಳಿಯಲಿಲ್ಲ. ಆದರೆ ಬೂಷ್ಟಿಗೆ ಹುಳಿ ಅಂದರೆ ಲೆಕ್ಕಕ್ಕಿಲ್ಲ. ಅದನ್ನು ತಡೆಯಬೇಕಾದದ್ದು ಉಪ್ಪು ಮತ್ತು ಗಾಳಿ ತಾಗದಂತೆ ಮುಳುಗಿಸಿಡೋದು. ಉಪ್ಪನ್ನು ನಾನೇ ಕಡಿಮೆ ಮಾಡಿದ್ದೆ. ಹೋಳುಗಳ ಮೇಲೆ ಭಾರ ಇಡದೆ ತೇಲಲು ಬಿಟ್ಟಿದ್ದೆ. ಎರಡು ಬೇಲಿ ನಾನೇ ಕಿತ್ತು ಬಾಗಿಲು ತೆರೆದಿಟ್ಟ ಹಾಗಾಯಿತು.

ನೀರಿದ್ದೂ ಇಲ್ಲದ ಹಾಗೆ

ಒಣಗಿಸೋದು, ಉಪ್ಪು ಹಾಕೋದು, ಸಕ್ಕರೆಯಲ್ಲಿ ಕುದಿಸೋದು. ನೋಡಲು ಮೂರು ಬೇರೆ ಬೇರೆ ಕೆಲಸ. ಸೂಕ್ಷ್ಮಜೀವಿಯ ಕಡೆಯಿಂದ ನೋಡಿದರೆ ಮೂರೂ ಒಂದೇ. ಅದಕ್ಕೆ ಕುಡಿಯಲು ನೀರು ಸಿಗುವುದಿಲ್ಲ.

ಜೇನುತುಪ್ಪ ನೋಡಿ. ನೂರಕ್ಕೆ ಹದಿನೇಳು ಹದಿನೆಂಟು ಭಾಗ ನೀರೇ ಇದೆ, ಚಮಚದಿಂದ ಹರಿಯುತ್ತದೆ, ಆದರೂ ವರ್ಷಗಟ್ಟಲೆ ಕೆಡದೆ ಇರುತ್ತದೆ. ಯಾಕೆಂದರೆ ಆ ನೀರನ್ನೆಲ್ಲ ಸಕ್ಕರೆ ಹಿಡಿದಿಟ್ಟುಕೊಂಡಿರುತ್ತದೆ. ಎಷ್ಟು ನೀರಿದೆ ಅನ್ನೋದಕ್ಕಿಂತ ಎಷ್ಟು ನೀರು ಬಿಡುವಾಗಿದೆ ಅನ್ನೋದೇ ಇಲ್ಲಿ ಮುಖ್ಯ. ಇದಕ್ಕೆ ‘ವಾಟರ್ ಆಕ್ಟಿವಿಟಿ’ ಅಂತ ಒಂದು ಅಳತೆ ಇದೆ. ಶುದ್ಧ ನೀರಿಗೆ 1. ತಾಜಾ ಹಣ್ಣು, ತರಕಾರಿ, ಮಾಂಸ ಎಲ್ಲ 0.97ರಿಂದ ಮೇಲೆ. ಬಹುಪಾಲು ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಹಟಮಾರಿ ಸ್ಟೆಫೈಲೋಕಾಕಸ್ 0.86ರ ಹತ್ತಿರ ಸೋಲುತ್ತದೆ. ಸಾಮಾನ್ಯ ಬೂಷ್ಟು 0.80ರವರೆಗೂ ತೆವಳಿಕೊಂಡು ಬರುತ್ತದೆ. 0.60ಕ್ಕಿಂತ ಕೆಳಗೆ ಯಾವುದೂ ಬೆಳೆಯದು. ಜೇನು ಹೆಚ್ಚುಕಡಿಮೆ ಆ ಗೆರೆಯ ಮೇಲೇ ಕೂತಿದೆ.

ಬೆಳೆಯುವುದಿಲ್ಲ ಅಂದರೆ ಸತ್ತಿದೆ ಅಂತಲ್ಲ, ಇದನ್ನು ನೆನಪಿಡಬೇಕು. ಜೇನಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ನಿದ್ದೆ ಹೋಗಿರುತ್ತವೆ. ದೊಡ್ಡವರ ಹೊಟ್ಟೆ ಅವನ್ನು ಸಂಭಾಳಿಸುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಅಂತ ವೈದ್ಯರು ಹೇಳುವುದು ಇದಕ್ಕೇ.

ಈಗ ಆ 200 ಗ್ರಾಂ ಎಲ್ಲಿಂದ ಬಂತು ನೋಡೋಣ. ಒಂದು ದ್ರವದ ವಾಟರ್ ಆಕ್ಟಿವಿಟಿ 0.86ಕ್ಕೆ ಇಳಿಯಬೇಕಾದರೆ ಅದರ ತೂಕದಲ್ಲಿ ನೂರಕ್ಕೆ ಸುಮಾರು 18 ಭಾಗ ಉಪ್ಪಿರಬೇಕು. ಕಿಲೋ ನಿಂಬೆಹಣ್ಣಿನಲ್ಲಿ ಹೆಚ್ಚು ಭಾಗ ನೀರೇ. ಅದಕ್ಕೆ 200 ಗ್ರಾಂ ಉಪ್ಪು ಬಿದ್ದರೆ ರಸ ಹೆಚ್ಚುಕಡಿಮೆ ಅದೇ 18ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಲ್ಲಿಗೂ ತೆವಳಿಕೊಂಡು ಬರುವ ಬೂಷ್ಟಿಗೆ ಮುಳುಗಿಸಿಡುವ ಬೇಲಿ ಇದೆ. ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ, ಎಷ್ಟೋ ಭರಣಿ ಕೆಟ್ಟ ಮೇಲೆ, ಕೈಗಳು ಈ ಅಂಕಿಯನ್ನು ತಾವಾಗಿ ಕಂಡುಕೊಂಡಿದ್ದವು. ಇದು ಗೊತ್ತಾದ ದಿನ ನನಗೆ ರೋಮಾಂಚನವೂ ಆಯಿತು, ನಾಚಿಕೆಯೂ ಆಯಿತು.

ಅದೇ 0.86ಕ್ಕೆ ಸಕ್ಕರೆಯಿಂದ ಬರಬೇಕಾದರೆ ನೂರಕ್ಕೆ ಸುಮಾರು 65 ಭಾಗ ಬೇಕು. ಉಪ್ಪಿನ ಕಣ ಚಿಕ್ಕದು, ನೀರಿಗೆ ಬಿದ್ದೊಡನೆ ಎರಡಾಗಿ ಒಡೆಯುತ್ತದೆ. ಸಕ್ಕರೆಯದು ದಪ್ಪ ಕಣ, ಒಡೆಯುವುದೂ ಇಲ್ಲ. ಒಂದೇ ತೂಕದಲ್ಲಿ ಉಪ್ಪಿನ ಕಣಗಳೇ ಎಷ್ಟೋ ಪಟ್ಟು ಜಾಸ್ತಿ. ಜಾಮ್ ಅಷ್ಟೊಂದು ಸಿಹಿ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಸಕ್ಕರೆ ಅರ್ಧ ಮಾಡಿದರೆ ಜಾಮ್ ಆಗುವುದೇ ಇಲ್ಲ ಅಂತಲ್ಲ. ರುಚಿಯಾಗಿಯೇ ಇರುತ್ತದೆ. ಆದರೆ ಅದು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕಾದ ಪದಾರ್ಥ, ಕಪಾಟಿನಲ್ಲಿ ಇಡುವಂಥದ್ದಲ್ಲ.

ಜಾಮ್ ಗಟ್ಟಿಯಾಗೋದು ಬೇರೆ ಕಥೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು, ಹುಳಿ ಮತ್ತು ಸಕ್ಕರೆ, ಮೂರೂ ಕೂಡಿದಾಗ ಬಲೆ ಹೆಣೆದುಕೊಳ್ಳುತ್ತದೆ. ಸ್ವಲ್ಪ ದೋರೆಗಾಯಿಯಾಗಿರುವ ಹಣ್ಣಿನಲ್ಲಿ ಪೆಕ್ಟಿನ್ ಜಾಸ್ತಿ. ತೀರಾ ಕಳಿತದ್ದರಲ್ಲಿ ಕಡಿಮೆ. ಪಾಕ 104–105 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಕ್ಕರೆ ಬೇಕಾದಷ್ಟು ಗಟ್ಟಿಯಾಗಿದೆ ಅಂತ ಅರ್ಥ. ಇದು ಸಮುದ್ರಮಟ್ಟದ ಲೆಕ್ಕ. ಪ್ರತಿ 300 ಮೀಟರ್ ಮೇಲೆ ಹೋದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಆದ್ದರಿಂದ ಇದೂ ಇಳಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತಟ್ಟೆಯನ್ನು ಫ್ರೀಜರ್‌ನಲ್ಲಿ ತಣ್ಣಗೆ ಮಾಡಿ. ಅದರ ಮೇಲೆ ಅರ್ಧ ಚಮಚ ಪಾಕ ಬಿಟ್ಟು ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಒಲೆ ಆರಿಸಿ. ನನಗೆ ಥರ್ಮಾಮೀಟರಿಗಿಂತ ಈ ಸುಕ್ಕಿನ ಮೇಲೇ ನಂಬಿಕೆ.

ಇನ್ನು ಒಣಗಿಸೋದು. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಆತುರ. ಬೇಗ ಒಣಗಲಿ ಅಂತ ಬಿಸಿ ಏರಿಸುತ್ತೇವೆ. ಹೊರಗಿನ ಪದರ ತೊಗಲಿನ ಹಾಗೆ ಬಿಗಿದುಕೊಳ್ಳುತ್ತದೆ. ಒಳಗಿನ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಮುಟ್ಟಿದರೆ ಗರಿಗರಿ, ಒಳಗೆ ಪಸೆ. ಎರಡು ವಾರದಲ್ಲಿ ಡಬ್ಬಿಯೆಲ್ಲ ಬೂಷ್ಟು. ತರಕಾರಿಗೆ 55ರಿಂದ 60 ಡಿಗ್ರಿ ಸಾಕು, ಜೊತೆಗೆ ಗಾಳಿ ಆಡುತ್ತಿರಬೇಕು. ಗಾಳಿಯೇ ದೊಡ್ಡ ಕೆಲಸ ಮಾಡುವುದು, ಬಿಸಿ ಅಲ್ಲ. ಹೋಳುಗಳೆಲ್ಲ ಒಂದೇ ದಪ್ಪ ಇರಲಿ. ಇಲ್ಲದಿದ್ದರೆ ತೆಳುವಾದವು ಸುಟ್ಟ ಎಲೆಯಂತಾಗಿ, ದಪ್ಪಗಿನವು ಹಸಿಯಾಗೇ ಉಳಿಯುತ್ತವೆ. ತರಕಾರಿಯನ್ನು ಒಣಗಿಸುವ ಮೊದಲು ಒಂದೆರಡು ನಿಮಿಷ ಕುದಿವ ನೀರಿನಲ್ಲೋ ಹಬೆಯಲ್ಲೋ ಹಿಡಿಯುವುದು ಎಂಜೈಮುಗಳ ಕೆಲಸ ನಿಲ್ಲಿಸಲು. ಹಾಗೆ ಮಾಡದಿದ್ದರೆ ಬಣ್ಣ, ವಾಸನೆ ನಿಧಾನವಾಗಿ ಹೋಗುತ್ತವೆ.

ಒಣಗಿದ ಮೇಲೆ ಒಂದು ಕೆಲಸ ಉಂಟು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಣಗಿಸಿದ ಹಣ್ಣನ್ನು ಗಾಜಿನ ಬಾಟಲಿಗೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತುಂಬಿ, ಮುಚ್ಚಿ, ಒಂದು ವಾರದಿಂದ ಹತ್ತು ದಿನ ದಿನಾ ಒಮ್ಮೆ ಅಲ್ಲಾಡಿಸಿ. ಹೆಚ್ಚು ಪಸೆ ಇರುವ ಹೋಳು ಕಡಿಮೆ ಪಸೆಯದಕ್ಕೆ ಹಂಚಿಕೊಡುತ್ತದೆ, ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಗಾಜಿನ ಒಳಗೋಡೆಯಲ್ಲಿ ಬೆವರು ಕಂಡರೆ ಇನ್ನೂ ಒಣಗಿಲ್ಲ ಅಂತ, ವಾಪಸ್ ತಟ್ಟೆಗೆ ಸುರಿಯಿರಿ. ಗಾಜಿನ ಬಾಟಲಿಯೇ ಯಾಕೆ ಅಂದರೆ ಬೆವರು ಕಾಣಬೇಕಲ್ಲ.

ಹುಳಿ ತಾನಾಗಿ ಬರುವುದು

ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಅತಿ ಚಂದದ ಭಾಗ ಇದು. ಇಲ್ಲಿ ಸೂಕ್ಷ್ಮಜೀವಿಗಳನ್ನು ಓಡಿಸುವ ಬದಲು ಒಳ್ಳೆಯವನ್ನು ಕರೆದು ಕೂರಿಸಿ, ಉಳಿದವನ್ನು ಅವುಗಳಿಂದಲೇ ಓಡಿಸುತ್ತೇವೆ.

ಒಂದು ಎಲೆಕೋಸು ತೆಗೆದುಕೊಳ್ಳಿ. ಸಣ್ಣಗೆ ಹೆಚ್ಚಿ ತೂಕ ಮಾಡಿ. ಒಂದು ಕಿಲೋ ಇದ್ದರೆ 20 ಗ್ರಾಂ ಉಪ್ಪು. ಅಡುಗೆಮನೆಯ ತೂಕದ ಮೆಷಿನ್ ಇಲ್ಲದೆ ಇದನ್ನು ಮಾಡಬೇಡಿ. ಹರಳುಪ್ಪಿನ ಒಂದು ಚಮಚಕ್ಕೂ ಪುಡಿ ಉಪ್ಪಿನ ಒಂದು ಚಮಚಕ್ಕೂ ತೂಕದಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ. ಉಪ್ಪು ಹಾಕಿ ಕೈಯಿಂದ ಹಿಚುಕಿ. ಮೊದಲ ಎರಡು ನಿಮಿಷ ಏನೂ ಆಗದು. ಐದನೇ ನಿಮಿಷಕ್ಕೆ ಎಲೆಕೋಸು ಸೋತು ಮೆತ್ತಗಾಗುತ್ತದೆ. ಹತ್ತನೆಯದಕ್ಕೆ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ಹನಿ ನೀರೂ ನೀವು ಹಾಕಿಲ್ಲ. ಅದಷ್ಟೂ ಎಲೆಯೊಳಗಿನಿಂದ ಉಪ್ಪು ಎಳೆದು ತಂದದ್ದು.

ಇದನ್ನು ಗಾಜಿನ ಜಾಡಿಗೆ ಒತ್ತಿ ಒತ್ತಿ ತುಂಬಿ. ನೀರು ಮೇಲೆ ಬರಬೇಕು, ಎಲೆ ಕೆಳಗೆ ಇರಬೇಕು. ಮೇಲೊಂದು ಅಗಲ ಎಲೆ ಹಾಸಿ, ಅದರ ಮೇಲೆ ತೊಳೆದು ಕುದಿಸಿದ ಒಂದು ಕಲ್ಲೋ ನೀರು ತುಂಬಿದ ಪುಟ್ಟ ಬಾಟಲಿಯೋ ಇಡಿ. ಮುಚ್ಚಳ ಪೂರ್ತಿ ಬಿಗಿಯಬೇಡಿ, ಒಳಗೆ ಗ್ಯಾಸ್ ಬರುತ್ತದೆ. ಜಾಡಿಯ ಕೆಳಗೆ ಒಂದು ತಟ್ಟೆ ಇರಲಿ. ಇದು ಅನುಭವದ ಮಾತು.

ಎರಡು ಮೂರು ದಿನಕ್ಕೆ ಗುಳ್ಳೆ ಏಳುತ್ತವೆ. ಮೊದಲ ಪಾಳಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಅದು ಎಲೆಯಲ್ಲಿರುವ ಸಕ್ಕರೆ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಗ್ಯಾಸು ಒಳಗಿದ್ದ ಗಾಳಿಯನ್ನು ಹೊರದಬ್ಬುತ್ತದೆ. ಹುಳಿ ಏರಿದಂತೆ ಅದಕ್ಕೇ ತಡೆಯಲಾಗದೆ ಹಿಂದೆ ಸರಿಯುತ್ತದೆ. ಆಗ ಇನ್ನೂ ಜಾಸ್ತಿ ಹುಳಿ ತಾಳುವ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಪಾಳಿ ವಹಿಸಿಕೊಳ್ಳುತ್ತವೆ. ಗುಳ್ಳೆ ಕಡಿಮೆಯಾಗುತ್ತದೆ, ನೀರು ಮಬ್ಬಾಗುತ್ತದೆ, ಮೊದಲ ದಿನಗಳ ಹಸಿ ವಾಸನೆ ಹೋಗಿ ಮೂಗಿಗೆ ಚುರುಕಾದ ಹುಳಿ ವಾಸನೆ ಬರುತ್ತದೆ. 18–22 ಡಿಗ್ರಿಯಲ್ಲಿ ಮೂರ್ನಾಲ್ಕು ವಾರ ಬೇಕು. ಸೆಕೆ ಇದ್ದರೆ ಬೇಗ ಆಗುತ್ತದೆ, ಆದರೆ ಕರುಕುರು ಅನ್ನುವ ಗುಣ ಹೋಗಿ ಮೆತ್ತಗಾಗುತ್ತದೆ.

ಇಲ್ಲಿ 20 ಗ್ರಾಂ ಉಪ್ಪು ನೀರಿನ ಬೇಲಿಯಾಗಿ ನಿಲ್ಲಲು ಏನೇನೂ ಸಾಲದು. ನಿಂಬೆಗೆ 60 ಗ್ರಾಂ ಸಾಲಲಿಲ್ಲ ಅಂದೆನಲ್ಲ, ಇಲ್ಲಿ ಅದರ ಮೂರನೇ ಒಂದು ಭಾಗ ಸಾಕು. ಯಾಕೆಂದರೆ ಇಲ್ಲಿ ಉಪ್ಪಿನ ಕೆಲಸ ಬಾಗಿಲು ಕಾಯೋದು ಮಾತ್ರ. ಹುಳಿ ಮಾಡುವ ಬ್ಯಾಕ್ಟೀರಿಯಾಗಳು ಉಪ್ಪನ್ನು ಸಹಿಸುತ್ತವೆ, ಕೊಳೆಸುವ ಬಹಳಷ್ಟು ಸಹಿಸಲಾರವು. ಆ ಕೆಲವು ದಿನಗಳ ಮುನ್ನಡೆ ಸಿಕ್ಕರೆ ಸಾಕು, ಆಮೇಲೆ ಹುಳಿಯೇ ಕಾವಲು. ಇಲ್ಲೂ ಉಪ್ಪನ್ನು ನಿಂಬೆಯಷ್ಟೇ ಸುರಿದರೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಏಳುವುದಿಲ್ಲ. ಜಾಡಿ ವಾರಗಟ್ಟಲೆ ಸುಮ್ನೆ ಕೂತಿರುತ್ತದೆ.

ಮೇಲೆ ತೆಳ್ಳಗಿನ ಬಿಳಿ ಪೊರೆ ಕಟ್ಟಿದರೆ ಗಾಬರಿ ಬೇಡ. ಅದು ಯೀಸ್ಟ್, ತೆಗೆದುಹಾಕಿದರೆ ಆಯಿತು. ಉಣ್ಣೆಯಂತೆ ಎದ್ದು ನಿಂತ, ಹಸಿರು, ಕಪ್ಪು, ಗುಲಾಬಿ ಬಣ್ಣದ್ದು ಬೂಷ್ಟು. ಅದು ಬಂದರೆ ನಾನು ಇಡೀ ಜಾಡಿ ಎಸೆಯುತ್ತೇನೆ. ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವವರಿದ್ದಾರೆ. ಬೂಷ್ಟಿನ ಬೇರು ಕಣ್ಣಿಗೆ ಕಂಡಷ್ಟಕ್ಕೇ ನಿಲ್ಲುವುದಿಲ್ಲ, ಅದಕ್ಕೇ ನಾನು ಆ ಗುಂಪಿಗೆ ಸೇರಿದವನಲ್ಲ.

ಬೇಯಿಸದೆ ಇಟ್ಟದ್ದರಿಂದ ಇದರಲ್ಲಿ ವಿಟಮಿನ್ ಸಿ ಕೂಡ ತಕ್ಕಮಟ್ಟಿಗೆ ಉಳಿಯುತ್ತದೆ. ಅದು ಸಿಗದಿದ್ದರೆ ಬರುವ ಸ್ಕರ್ವಿ ರೋಗ ಆಗ ದೂರದ ಕಡಲಯಾನದ ದೊಡ್ಡ ಕಾಟ. 1768ರಲ್ಲಿ ಇಂಗ್ಲೆಂಡಿನ ಕಡಲಯಾನಿ ಜೇಮ್ಸ್ ಕುಕ್ ಎಂಡೆವರ್ ಹಡಗು ಹತ್ತಿದಾಗ ಇಂಥ ಹುಳಿ ಎಲೆಕೋಸನ್ನು ಪೀಪಾಯಿಗಟ್ಟಲೆ ತುಂಬಿಕೊಂಡಿದ್ದ. ನಾವಿಕರು ಮೊದಲು ಮುಟ್ಟಲಿಲ್ಲ. ಅವನು ಬಲವಂತ ಮಾಡಲಿಲ್ಲ. ಅಧಿಕಾರಿಗಳ ಮೇಜಿಗೆ ದಿನಾ ಬಡಿಸಿಸಿದ, ಉಳಿದವರಿಗೆ ಬೇಕಾದರೆ ತಿನ್ನಿ ಅಂದ. ದೊಡ್ಡವರು ತಿನ್ನುವುದನ್ನು ನೋಡಿದ ಮೇಲೆ ಎಲ್ಲರಿಗೂ ಅದು ಬೇಕೇ ಬೇಕಾಯಿತು. ಮಕ್ಕಳಿಗೆ ಊಟ ಮಾಡಿಸುವವರಿಗೆ ಈ ಉಪಾಯ ಹೊಸದೇನಲ್ಲ ಬಿಡಿ.

ವಿನೆಗರ್ ಹಾಕಿ ಇಡುವುದು ಇದರ ಅಡ್ಡದಾರಿ. ಹುಳಿ ಹುಟ್ಟಲು ಕಾಯುವ ಬದಲು ಹೊರಗಿನಿಂದ ಸುರಿಯುತ್ತೇವೆ. ಬಾಟಲಿ ಮೇಲೆ 5 ಪರ್ಸೆಂಟ್ ಅಂತ ಬರೆದಿರುವುದನ್ನೇ ತನ್ನಿ, ವಿಧಾನದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ನೀರು ಬೆರೆಸಬೇಡಿ. ಮೆಣಸು, ಸಾಸಿವೆ, ಸೊಪ್ಪು ನಿಮ್ಮಿಷ್ಟ.

ಮೂಗಿಗೆ ತಿಳಿಯದ್ದು

ಇಲ್ಲಿವರೆಗೆ ಹೇಳಿದ್ದೆಲ್ಲ ಮುಚ್ಚಿಡಲಾಗದ ತಪ್ಪುಗಳು. ಬೂಷ್ಟು ಕಾಣುತ್ತದೆ, ಕೊಳೆತದ್ದು ನಾರುತ್ತದೆ. ಒಂದು ಶತ್ರು ಮಾತ್ರ ಹೀಗಲ್ಲ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ.

ಇದರ ಬೀಜಕಗಳು ಮಣ್ಣಿನಲ್ಲಿ ಎಲ್ಲೆಲ್ಲೂ ಇವೆ. ಗಾಳಿ ಇರುವಲ್ಲಿ ತೆಪ್ಪಗಿರುತ್ತವೆ. ಗಾಳಿ ಇಲ್ಲದ, ಹುಳಿ ಇಲ್ಲದ, ಪಸೆ ಇರುವ, ಬೆಚ್ಚಗಿನ ಜಾಗ ಸಿಕ್ಕರೆ ಏಳುತ್ತವೆ, ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷ ಬಿಡುತ್ತವೆ. ಬಣ್ಣ ಬದಲಾಗಲೇಬೇಕು, ವಾಸನೆ ಬರಲೇಬೇಕು ಅಂತೇನಿಲ್ಲ. ಬೀನ್ಸನ್ನು ಬೇಯಿಸಿ, ಬಿಸಿಬಿಸಿ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಕಪಾಟಿನಲ್ಲಿ ಇಟ್ಟರೆ ಅದು ಕೇಳಿದ್ದನ್ನೆಲ್ಲ ನಾವೇ ಒದಗಿಸಿಕೊಟ್ಟಂತೆ.

ಕುದಿಸಿದೆವಲ್ಲ ಅನ್ನುತ್ತೀರಾ? ನೀರು 100 ಡಿಗ್ರಿಗಿಂತ ಮೇಲೆ ಹೋಗದು, ಈ ಬೀಜಕಗಳಿಗೆ ಅಷ್ಟು ಬಿಸಿ ಸಾಲದು. 121 ಡಿಗ್ರಿಯಲ್ಲಿ ಸುಮಾರು ಮೂರು ನಿಮಿಷ, ಅದೂ ಬಾಟಲಿಯ ನಟ್ಟನಡುವಿನ ತುಣುಕಿಗೂ ತಾಗಬೇಕು. ಒತ್ತಡವಿಲ್ಲದೆ ನೀರಿಗೆ ಆ ಬಿಸಿ ಬರುವುದಿಲ್ಲ. ಇದಕ್ಕೇ ಅಂತ ದೊಡ್ಡ ಪ್ರೆಷರ್ ಕ್ಯಾನರ್‌ಗಳಿವೆ. ಅಡುಗೆಯ ಕುಕ್ಕರ್ ಸಾಲದೇ? ಸಾಲದು. ಚಿಕ್ಕ ಕುಕ್ಕರ್ ಬೇಗ ಬಿಸಿಯಾಗಿ ಬೇಗ ಆರುತ್ತದೆ. ಪರೀಕ್ಷಿಸಿ ಬರೆದಿಟ್ಟ ಸಮಯಗಳೆಲ್ಲ ದೊಡ್ಡ ಪಾತ್ರೆಯ ಲೆಕ್ಕದವು.

ಹುಳಿ ಇದ್ದರೆ ಈ ಗೋಳೇ ಇಲ್ಲ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಏಳುವುದಿಲ್ಲ. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ನಿಂಬೆ 2.5ರ ಆಸುಪಾಸು, ಹುಳಿ ಬಂದ ಎಲೆಕೋಸು 3.5ರ ಹತ್ತಿರ. ಬಹುತೇಕ ಹಣ್ಣುಗಳು 4.6ಕ್ಕಿಂತ ಕೆಳಗೇ ಇವೆ. ಅದಕ್ಕೇ ಅವನ್ನು ಬರೀ ಕುದಿವ ನೀರಿನಲ್ಲಿಟ್ಟು ಮುಚ್ಚಿದರೂ ನಡೆಯುತ್ತದೆ. ತರಕಾರಿ, ಕಾಳು, ಮಾಂಸ ಎಲ್ಲ ಮೇಲೆ. ಟೊಮೇಟೊ ಮಾತ್ರ ಗೆರೆಯ ಮೇಲೆ ಕೂತು ಆಟ ಆಡಿಸುತ್ತದೆ. ಜಾತಿ, ಹಣ್ಣಾದ ಮಟ್ಟ ನೋಡಿ 4.2ರಿಂದ 4.9ರವರೆಗೆ ಓಡಾಡುತ್ತದೆ. ಹಾಗಾಗಿ ಟೊಮೇಟೊ ಬಾಟಲಿಗೆ ಹಾಕುವಾಗ ಲೀಟರಿಗೆ ಎರಡು ದೊಡ್ಡ ಚಮಚ ನಿಂಬೆರಸ ಹಾಕುವ ನಿಯಮ ಇದೆ. ಮನೆಯಲ್ಲಿ ಹಿಂಡಿದ್ದಕ್ಕಿಂತ ಬಾಟಲಿಯಲ್ಲಿ ಬರುವ ರಸವೇ ಇಲ್ಲಿ ಒಳ್ಳೆಯದು, ಅದರ ಹುಳಿ ಒಂದೇ ಸಮ ಇರುತ್ತದೆ. ಹಣ್ಣು ಆಗಲೇ ಹುಳಿಯಿದೆ ಅಂತ ಅದನ್ನು ಬಿಡುವ ಹಾಗಿಲ್ಲ.

ಇನ್ನೊಂದು ನಂಬಿಕೆ, ಎಣ್ಣೆ ಮೇಲೆ ನಿಂತರೆ ಏನೂ ಕೆಡದು ಅಂತ. ಎಣ್ಣೆ ಗಾಳಿ ತಡೆಯುತ್ತದೆ, ಆದ್ದರಿಂದ ಬೂಷ್ಟು ಬಾರದು, ನಿಜ. ಆದರೆ ಗಾಳಿ ಇಲ್ಲದ ಜಾಗವೇ ಬೇಕಾದವನಿಗೆ ಅದೇ ಎಣ್ಣೆ ಹೊದಿಕೆ. ಕೆಳಗೆ ಉಪ್ಪೋ ಹುಳಿಯೋ ಸಾಕಷ್ಟಿದ್ದರೆ ಎಣ್ಣೆ ಒಳ್ಳೆಯ ಮೂರನೇ ಬೇಲಿ. ಅವೆರಡೂ ಇಲ್ಲದೆ ಬರೀ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಹೊರಗಿಟ್ಟರೆ ಅಪಾಯ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹೀಗೆ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದು 36 ಮಂದಿ ಈ ವಿಷಕ್ಕೆ ಸಿಲುಕಿದರು.

ಮುಚ್ಚಳ ಉಬ್ಬಿದ, ತೆಗೆಯುವಾಗ ಚಿಮ್ಮಿದ, ಯಾಕೋ ಅನುಮಾನ ಬಂದ ಬಾಟಲಿಯನ್ನು ಒಂದು ಹನಿ ನಾಲಿಗೆಗೆ ಇಟ್ಟು ನೋಡೋಣ ಅನ್ನಬೇಡಿ.

ಬಾಟಲಿಯಲ್ಲಿ ಮುಚ್ಚಿ ಕುದಿಸುವ ಈ ಕ್ರಮ ಕಂಡುಹಿಡಿದದ್ದು ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್. ದಪ್ಪ ಗಾಜಿನ ಬಾಟಲಿಗೆ ಬಿರಡೆ ಜಡಿದು, ತಂತಿ ಕಟ್ಟಿ, ಮೇಣ ಬಳಿದು ಕುದಿವ ನೀರಿಗೆ ಇಳಿಸುತ್ತಿದ್ದ. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು, ಗುಟ್ಟನ್ನು ಎಲ್ಲರಿಗೂ ತಿಳಿಯುವಂತೆ ಅಚ್ಚು ಹಾಕಿಸಬೇಕು ಅನ್ನುವ ಷರತ್ತಿನ ಮೇಲೆ. ತಮಾಷೆ ಅಂದರೆ ಅದು ಯಾಕೆ ಕೆಡುವುದಿಲ್ಲ ಅಂತ ಅವನಿಗೇ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಕಥೆಯನ್ನು ಲೂಯಿ ಪಾಶ್ಚರ್ ಬಿಡಿಸಿ ಹೇಳಲು ಇನ್ನೂ ಐವತ್ತು ವರ್ಷ ಹಿಡಿಯಿತು. ಅದೇ 1810ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ಡಬ್ಬಿ ತೆರೆಯುವ ಉಪಕರಣ ಬಂದದ್ದು ದಶಕಗಳ ನಂತರ. ಅಲ್ಲಿಯವರೆಗೆ ಜನ ಉಳಿ, ಸುತ್ತಿಗೆ ಹಿಡಿದು ಊಟಕ್ಕೆ ಕೂರುತ್ತಿದ್ದರು.

ಕ್ಷಮಿಸುವ ಕೆಲಸ, ಕ್ಷಮಿಸದ ಕೆಲಸ

ಫ್ರೀಜರ್ ಬಗ್ಗೆ ಹೇಳುವುದು ಕಡಿಮೆ. ಮೈನಸ್ 18 ಡಿಗ್ರಿ ಇರಲಿ, ತುಂಬುವಾಗ ಗಾಳಿ ತೆಗೆಯಿರಿ, ಅಷ್ಟೇ. ಅಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಮಲಗುತ್ತವೆ. ಹುಳುಗಳು ಮಾತ್ರ ಸಾಯುತ್ತವೆ. ಹೊಸದಾಗಿ ತಂದ ಕಾಳು, ಹಿಟ್ಟನ್ನು ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿದರೆ ನುಸಿಯ ಕಾಟ ತಪ್ಪುತ್ತದೆ. ಆಲೂಗಡ್ಡೆಗೆ ಫ್ರಿಜ್ ಬೇಡ. ಕತ್ತಲು, ತಂಪು, ಗಾಳಿ ಸಾಕು. ಬೆಳಕಿಗೆ ಹಸಿರಾದದ್ದನ್ನು ಅಡುಗೆಗೆ ಬಳಸಬೇಡಿ.

ಇಷ್ಟೆಲ್ಲ ಮಾಡುತ್ತಾ ಹಳೆಯ ಮನೆಗೆಲಸಗಳನ್ನು ನಾನು ಎರಡು ಪಂಗಡ ಮಾಡಿಕೊಂಡಿದ್ದೇನೆ. ಕೆಲವು ಕೆಲಸ ತಪ್ಪನ್ನು ಕ್ಷಮಿಸುತ್ತವೆ. ಹರಿದ ಕಾಲುಚೀಲಕ್ಕೆ ರಫು ಹಾಕುವುದು ಹಾಗೆ. ಎಳೆ ಓರೆಯಾದರೆ ಬಿಚ್ಚಿ ಮತ್ತೆ ಹಾಕಿ, ಯಾರ ಜೀವವೂ ಹೋಗದು. ಚಾಕು ಮಸೆಯುವುದೂ ಹಾಗೇ. ಕಲ್ಲಿನ ಮೇಲೆ 15–20 ಡಿಗ್ರಿ ಓರೆಯಲ್ಲಿ ಹಿಡಿದು, ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ತರಿ ಬೆರಳಿಗೆ ತಾಗುವವರೆಗೂ ಉಜ್ಜಿ, ಆಮೇಲೆ ಮಗುಚಬೇಕು. ಮೊದಮೊದಲು ಕೋನ ತಪ್ಪುತ್ತದೆ, ಚಾಕು ಮೊಂಡಾಗೇ ಉಳಿಯುತ್ತದೆ. ನಾಳೆ ಮತ್ತೆ ಕೂರಬಹುದು. ಇಂಥವಕ್ಕೆ ಕಣ್ಣಳತೆಯೇ ಗುರು. ಎಷ್ಟು ಮಾಡಿದರೆ ಅಷ್ಟು ಬರುತ್ತದೆ.

ಸಾಬೂನು ಹಾಗಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೋಡ ಸೇರಿ ಸಾಬೂನಾಗುತ್ತದೆ, ಮತ್ತು ಒಂದೊಂದು ಎಣ್ಣೆಗೆ ಒಂದೊಂದು ಅಳತೆ. 100 ಗ್ರಾಂ ಆಲಿವ್ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 13.4 ಗ್ರಾಂ ಸೋಡ ಬೇಕು. ಅಷ್ಟೇ ತೆಂಗಿನೆಣ್ಣೆಗೆ 18.3. ಒಂದರ ಅಳತೆಯಲ್ಲಿ ಇನ್ನೊಂದನ್ನು ಮಾಡಿದರೆ ಒಂದೋ ಜಿಡ್ಡು ಉಳಿಯುತ್ತದೆ, ಇಲ್ಲವೇ ಸೋಡ ಉಳಿದು ಮೈ ಸುಡುತ್ತದೆ. ಲೆಕ್ಕಕ್ಕಿಂತ 5 ಪರ್ಸೆಂಟ್ ಸೋಡ ಕಡಿಮೆ ಹಾಕುವುದು ವಾಡಿಕೆ. ಮತ್ತೆ, ಸೋಡವನ್ನು ನೀರಿಗೆ ಹಾಕಬೇಕು. ನೀರನ್ನು ಸೋಡದ ಮೇಲೆ ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕೈಗವಸು, ಕನ್ನಡಕ ಹಾಕಿಕೊಳ್ಳಲು ಸಂಕೋಚ ಪಡಬೇಡಿ.

ಹೊಸಬರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಹೇಳುವುದು ಈ ಪಂಗಡ ನೋಡಿಯೇ. ಹಣ್ಣು ಒಣಗಿಸಿ, ಎಲೆಕೋಸು ಹುಳಿ ಬರಿಸಿ, ಒಂದು ಬಾಟಲಿ ಜಾಮ್ ಮಾಡಿ. ಇವು ಕೆಟ್ಟರೆ ಕಣ್ಣಿಗೆ ಕಾಣುವ ಹಾಗೆ ಕೆಡುತ್ತವೆ. ತರಕಾರಿ, ಮಾಂಸವನ್ನು ಬಾಟಲಿಯಲ್ಲಿ ಮುಚ್ಚುವುದು ಕೊನೆಗೆ ಇರಲಿ, ಅದೂ ಪ್ರೆಷರ್ ಕ್ಯಾನರ್ ಮತ್ತು ಪರೀಕ್ಷೆಗೊಳಪಟ್ಟ ವಿಧಾನ ಕೈಯಲ್ಲಿದ್ದರೆ ಮಾತ್ರ. ಹತ್ತು ಬಾಟಲಿ ಒಟ್ಟಿಗೆ ಮಾಡುವ ಹುಮ್ಮಸ್ಸು ಮೊದಲ ವಾರ ಎಲ್ಲರಿಗೂ ಬರುತ್ತದೆ, ಒಂದೇ ಮಾಡಿ. ಸ್ವಾವಲಂಬನೆ ಅಂದರೆ ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ನಾನು ನಂಬುವುದಿಲ್ಲ. ಸಾಬೂನು ಒಂದೆರಡು ಸಲ ಮಾಡಿ ಬಿಟ್ಟೆ, ಈಗ ಕೊಂಡೇ ತರುತ್ತೇನೆ. ನಿಂಬೆ ಮಾತ್ರ ಬಿಟ್ಟಿಲ್ಲ.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ‘ನಿಂಬೆ 1 ಕಿಲೋ, ಉಪ್ಪು 60, ಭಾರ ಇಟ್ಟಿಲ್ಲ, 18ನೇ ದಿನ ಬೂಷ್ಟು’ ಅಂತಿದೆ. ಎರಡನೇ ಪುಟದಲ್ಲಿ ‘ಉಪ್ಪು 200, ಮೇಲೆ ಕಲ್ಲು’. ಅದರ ಕೆಳಗೆ ಪ್ರತಿ ತಿಂಗಳೂ ಒಂದು ಸಾಲು ಸೇರುತ್ತಾ ಹೋಗಿದೆ. ಸಿಪ್ಪೆ ಮೆತ್ತಗಾಗಿದೆ. ರಸ ಮಂದವಾಗಿದೆ. ಬಣ್ಣ ಜೇನಿನಂತೆ. ಹನ್ನೊಂದನೇ ತಿಂಗಳ ಸಾಲಿನಲ್ಲಿ ‘ಮುಗಿಯಿತು’ ಅಂತಷ್ಟೇ ಇದೆ.